ಗಾಳಿ ಕುಡಿಯುವ ಕಂಬ

ಸಂಕ್ರಾಂತಿ ಕಳೆದು ಹತ್ತು ದಿನವಾದರೂ ಕಣದಲ್ಲಿ ರಾಗಿ ರಾಶಿ ಹಾಗೇ ಬಿದ್ದಿತ್ತು. ತೆನೆಯ ಮೇಲೆ ಕಲ್ಲಿನ ಗುಂಡು ಹೊಡೆದಾಗಿತ್ತು, ಹುಲ್ಲು ಬೇರೆ ಮಾಡಿ ಮೆದೆ ಹಾಕಿಯೂ ಆಗಿತ್ತು. ತೂರುವುದೊಂದೇ ಬಾಕಿ. ತೂರೋಣವೆಂದರೆ ಗಾಳಿಯೇ ಇಲ್ಲ. ಹಾಗಲವಾಡಿ ಪಕ್ಕದ ಆ ಪುಟ್ಟ ಹಳ್ಳಿಯ ಹೆಂಗಸರು ಬೆಳಿಗ್ಗೆ ಮೊರ ಹಿಡಿದು ಬಂದು ಕೂರುತ್ತಿದ್ದರು, ಬಿಸಿಲೇರಿದ ಮೇಲೆ ಸುಮ್ಮನೆ ಎದ್ದು ಹೋಗುತ್ತಿದ್ದರು.

ಗಾಳಿಯ ವಿಷಯಕ್ಕೆ ಆ ಊರಲ್ಲಿ ಓಬಳಯ್ಯ ಹೇಳಿದ್ದೇ ಕೊನೆ ಮಾತು. ಒಂದು ಚಿಟಿಕೆ ಹೊಟ್ಟು ಉದುರಿಸಿ, ಅದು ಬೀಳುವ ಪರಿ ನೋಡಿ, "ಮೂಡ್ಲಿಂದ ಬರ್ತೈತೆ, ಮೊರ ಎತ್ಕಳಿ" ಎಂದರೆ ಬಂದೇ ಬರುತ್ತಿತ್ತು. ನಲವತ್ತು ವರ್ಷದಿಂದ ಯಾರ ಕಣವಾದರೂ ಮೊದಲ ಮೊರ ಅವನ ಕೈಗೇ. ಈ ಸಲ ಮೂರು ಬಾರಿ ಹೇಳಿದ್ದ, ಮೂರೂ ಬಾರಿ ತಪ್ಪಿತ್ತು. ಮೂರನೆಯ ಸಲ ಹೆಂಗಸರು ಅವನ ಕಡೆ ನೋಡದೆ ಮೊರ ಬಗಲಿಗಿಟ್ಟು ಎದ್ದು ಹೋದರು. ಅದು ಅವನನ್ನು ಚುಚ್ಚಿತು.

"ಗಾಳಿ ಎಲ್ಲಿಂದ ಬರ್ಬೇಕು ಬುಡು," ಎಂದ ನೆರೆಮನೆಯ ರಂಗಣ್ಣ, ಗುಡ್ಡದ ಕಡೆ ಗದ್ದ ಎತ್ತಿ. "ಅಗೋ, ಅಲ್ಲಿ ನಿಂತು ಕುಡೀತೈತಲ್ಲ."

ಗುಡ್ಡದ ಮೇಲೆ ದೀಪಾವಳಿ ಹೊತ್ತಿಗೆ ಒಂದು ಕಬ್ಬಿಣದ ಕಂಬ ನೆಟ್ಟಿದ್ದರು. ತುದಿಯಲ್ಲಿ ಮೂರು ಬಟ್ಟಲು, ಅದರ ಪಕ್ಕ ಗಾಳಿಯ ದಿಕ್ಕಿಗೆ ಹೊರಳುವ ಒಂದು ಬಾಲದ ತಗಡು. ಚಿತ್ರದುರ್ಗದ ಕಡೆಯಂತೆ ಇಲ್ಲೂ ಗಾಳಿಯಿಂದ ಕರೆಂಟು ತೆಗೆಯಬಹುದೇ ಎಂದು ಅಳೆಯುತ್ತಾರಂತೆ. ಗುಬ್ಬಿಯ ತೌಹೀದ್ ಎಂಬವನು ತಿಂಗಳಿಗೊಮ್ಮೆ ಬಂದು ಕಂಬದ ಬುಡದ ಪೆಟ್ಟಿಗೆ ತೆಗೆದು ಏನೋ ಬರೆದುಕೊಂಡು ಹೋಗುತ್ತಿದ್ದ. ಏನು ಬರೆಯುತ್ತಾನೆ, ಯಾರಿಗೆ ಕೊಡುತ್ತಾನೆ? ಗಾಳಿ ಹಿಡಿದು ಬೆಂಗಳೂರಿಗೆ ಮಾರುತ್ತಾರೆಂದು ಒಬ್ಬ, ಗುಡ್ಡವನ್ನೇ ಬರೆಸಿಕೊಳ್ಳುತ್ತಾರೆಂದು ಇನ್ನೊಬ್ಬ. ಹೋದ ತಿಂಗಳು ಅವನು ನೀರು ಕೇಳಿದಾಗ ರಂಗಣ್ಣನ ಮನೆ ಸೇರಿ ಮೂರು ಮನೆಯವರು ಬಿಂದಿಗೆ ಖಾಲಿ ಎಂದಿದ್ದರು.

ಓಬಳಯ್ಯ ಇಂಥ ಮಾತಿಗೆ ಕಿವಿ ಕೊಡುವವನಲ್ಲ. ಆದರೆ ಅವತ್ತು ತಲೆ ಎತ್ತಿ ನೋಡಿದ. ಕಣದಲ್ಲಿ ಹೊಂಗೆ ಎಲೆ ಅಲ್ಲಾಡುತ್ತಿಲ್ಲ, ಮೇಲೆ ಬಟ್ಟಲುಗಳು ಗಿರಗಿರ ಸುತ್ತುತ್ತಿವೆ! ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ? ಅಲ್ಲಿ ಇದೆ, ಇಲ್ಲಿ ಇಲ್ಲ. ಅಂದ ಮೇಲೆ ನಡುವೆ ಯಾರೋ ಹಿಡಿದಿಟ್ಟಿದ್ದಾರೆ. ತಾನು ತಪ್ಪಿಲ್ಲ ಎಂದು ಅವನ ಮನಸ್ಸಿಗೆ ಎಷ್ಟು ಹಾಯೆನಿಸಿತೆಂದರೆ, ಮುಂದಕ್ಕೆ ಯೋಚಿಸಲೇ ಇಲ್ಲ.

ಸಂಜೆ ಹೆಂಡತಿ ಗಿರಿಯಮ್ಮ ಕೇಳಿದಳು, "ಹಕ್ಕಿ ಹೊಡೆಯೋ ಕವಣೆ ಯಾಕೆ ಇಳಿಸ್ದೆ? ಜೋಳ ಇಲ್ಲ, ಹಕ್ಕಿ ಇಲ್ಲ."

"ಸುಮ್ಕಿರೆ," ಎಂದ ಗಂಡ.

ಕತ್ತಲಾಗುವ ಮುಂಚೆ ಗುಡ್ಡ ಹತ್ತಿ ಕಂಬದತ್ತ ಕವಣೆ ಬೀಸಿದ. ಮೊದಲ ಕಲ್ಲು ತಪ್ಪಿತು. ಎರಡನೆಯದಕ್ಕೆ ಒಂದು ಬಟ್ಟಲು ಹಾರಿಹೋಗಿ ಉಳಿದೆರಡು ಸೊಟ್ಟಗೆ ನಿಂತವು.

ಮಾರನೆ ದಿನ ಮೊದಲು ಕಣಕ್ಕೆ ಬಂದವನು ಓಬಳಯ್ಯನೇ. ಹೊಟ್ಟು ಉದುರಿಸಿದ, ನೆಟ್ಟಗೆ ಕಾಲ ಬಳಿ ಬಿತ್ತು. ಅದರ ಮಾರನೆ ದಿನವೂ ಅಷ್ಟೆ. ನಾಲ್ಕು ದಿನ ಕಾದರೂ ಎಲೆ ಅಲ್ಲಾಡಲಿಲ್ಲ. ಐದನೆಯ ದಿನ ತೌಹೀದ್ ಬಂದ. ಗುಡ್ಡ ಹತ್ತಿ ಇಳಿದವನ ಮುಖ ಬಾಡಿತ್ತು. ಕೈಯಲ್ಲಿ ಮುರಿದ ಬಟ್ಟಲು.

"ಯಜಮಾನ್ರೆ, ಇದು ಹೆಂಗೆ ಮುರೀತು ಅಂತ ಯಾರಾದ್ರೂ ನೋಡಿದ್ರಾ?"

ಕಣದವರೆಲ್ಲ ರಾಶಿಯ ಕಡೆ ನೋಡಿದರು. ಗಿರಿಯಮ್ಮ ಮಾತ್ರ ಗಂಡನ ಕಡೆ ನೋಡಿ, ಚೆಂಬಿನಲ್ಲಿ ನೀರು ತಂದು ಕೊಟ್ಟಳು.

"ನಾನೇ ಸರಿಯಾಗಿ ಕೂರ್ಸಿಲ್ಲ ಅಂತಾರೆ ಸಾಹೇಬ್ರು. ಕೆಲ್ಸಕ್ಕೆ ಸೇರಿ ಆರು ತಿಂಗ್ಳು. ಮನೇಲಿ ನಮ್ಮಮ್ಮ, ಎರಡು ಮಕ್ಳು," ಎಂದ ತೌಹೀದ್.

ಓಬಳಯ್ಯ ಆಗಲೂ ಗತ್ತು ಬಿಡಲಿಲ್ಲ. "ಸಾಬ್ರೆ, ಒಂದು ಹೇಳಿ. ಕೆಳಗೆ ಉಸಿರಿಲ್ಲ, ಮೇಲೆ ಅದು ಸುತ್ತುತಿತ್ತಲ್ಲ. ಆ ಗಾಳಿ ಯಾರ್ದು?"

"ಮೇಲಿಂದು ಮೇಲೇ ಹೋಗ್ತೈತೆ ಯಜಮಾನ್ರೆ. ಬಟ್ಟಲು ಎಷ್ಟು ಸುತ್ತು ಸುತ್ತುತು ಅಂತ ಪೆಟ್ಟಿಗೆ ಎಣಿಸ್ತೈತೆ, ಅಷ್ಟೇ. ಹದ್ದು ನೋಡಿಲ್ವಾ ನೀವು? ಇಲ್ಲಿ ಎಲೆ ಅಲ್ಲಾಡ್ದೆ ಇದ್ರೂ ಅದು ರೆಕ್ಕೆ ಬಡೀದೆ ತೇಲ್ತಿರ್ತೈತೆ."

ನೋಡಿದ್ದ. ಸಾವಿರ ಸಲ ನೋಡಿದ್ದ. ಗುಡ್ಡದ ಮೇಲೆ ಕಂಬ ಏಳುವುದಕ್ಕೆ ಎಷ್ಟೋ ಮೊದಲೇ ನೋಡಿದ್ದ. ಗೊತ್ತಿದ್ದ ಮಾತನ್ನೇ ಮರೆಯುವಂತೆ ಮಾಡಿದ್ದು ತನ್ನ ಹೆಸರಿನ ಆಸೆ ಎಂದು ಆಗ ಹೊಳೆದು, ಅವನಿಗೆ ಕಣದಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಗುಬ್ಬಿಗೆ ಹೋಗಿ, ತೌಹೀದ್‌ನನ್ನು ಕರೆದುಕೊಂಡು ತುಮಕೂರಿನ ಸತ್ಯಮಂಗಲದಲ್ಲಿದ್ದ, ಆ ಕಂಬ ನೆಟ್ಟ ಕಂಪನಿಯ ಆಫೀಸಿಗೆ ಬಂದ. ಯಾಕೆಂದು ತೌಹೀದ್ ದಾರಿಯಲ್ಲಿ ಎರಡು ಸಲ ಕೇಳಿದ್ದಕ್ಕೆ, "ಅಲ್ಲೇ ಹೇಳ್ತೀನಿ, ನಡಿ" ಎಂದಿದ್ದ. ಸಾಹೇಬರು ಲಕ್ಷ್ಮೀನರಸಿಂಹಯ್ಯ ತಲೆ ಎತ್ತುವಷ್ಟರಲ್ಲಿ ಅವರ ಮೇಜಿನ ಮೇಲೆ ಕವಣೆ ಇಟ್ಟ.

"ಸ್ವಾಮಿ, ಬಟ್ಟಲು ಒಡೆದಿದ್ದು ನಾನು. ಈ ಹುಡುಗನ ತಪ್ಪಿಲ್ಲ."

ತೌಹೀದ್ ಬೆಚ್ಚಿ ಓಬಳಯ್ಯನನ್ನು ನೋಡಿದ. ಸಾಹೇಬರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಏನಯ್ಯಾ ತೌಹೀದ್, ಚೆನ್ನಾಗಿ ಹೇಳ್ಕೊಟ್ಟು ಕರ್ಕೊಂಡು ಬಂದಿದ್ದೀಯ. ಎಂಬತ್ತು ಅಡಿ ಕಂಬ. ಈ ವಯಸ್ಸಲ್ಲಿ, ಈ ಹಗ್ಗದ ತುಂಡಲ್ಲಿ?"

ಅನುಮಾನ ಅಂದರೆ ಹೇಗಿರುತ್ತದೆ ಎಂದು ಓಬಳಯ್ಯನಿಗೆ ಅವತ್ತು ಮೈಗೆ ತಾಕಿತು. ನಿಜ ಹೇಳಿದರೂ ನಂಬದ ಕಣ್ಣು. ಅಂಥ ಕಣ್ಣನ್ನೇ ತಾನೂ ಊರವರೂ ಈ ಹುಡುಗನ ಮೇಲೆ ಇಟ್ಟಿದ್ದರು. ಕವಣೆ ಎತ್ತಿಕೊಂಡು ಅಂಗಳಕ್ಕೆ ನಡೆದ. ಮೂಲೆಯಲ್ಲೊಂದು ಹಳೆಯ ತೆಂಗಿನ ಮರ.

"ಯಾವ ಕಾಯಿ ಸ್ವಾಮಿ?"

"ಆ ಒಣಗಿದ್ದು," ಎಂದರು ಸಾಹೇಬರು ನಗುತ್ತಾ.

ಕವಣೆ ತಲೆಯ ಮೇಲೆ ಎರಡು ಸುತ್ತು ಸುತ್ತಿತು. ಕಾಯಿ ಧೊಪ್ಪನೆ ಬಿತ್ತು. ಸಾಹೇಬರ ನಗು ನಿಂತಿತು.

ಬೈದರು, ಪೊಲೀಸಿಗೆ ಹೇಳುತ್ತೇನೆಂದರು, ಕೊನೆಗೆ ತೌಹೀದ್ ಕೈಗೇ ಹೊಸ ಬಟ್ಟಲು ಕೊಟ್ಟು ಕಳಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ತೌಹೀದ್ ಹೊಸ ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡ. ಆಮೇಲೆ, "ನಂಗೆ ಕೋಪ ಐತೆ ಯಜಮಾನ್ರೆ," ಎಂದ.

"ಇರ್ಲಿ ಕಣಪ್ಪ. ಇರ್ಬೇಕು," ಎಂದ ಓಬಳಯ್ಯ.

ಎರಡು ದಿನ ಬಿಟ್ಟು ಬಟ್ಟಲುಗಳು ಮತ್ತೆ ಸುತ್ತಿದವು. ಓಬಳಯ್ಯ ಕಣದಲ್ಲಿ ಎಲ್ಲರ ಮುಂದೆ ನಡೆದದ್ದನ್ನೆಲ್ಲ ಹೇಳಿದ. ರಂಗಣ್ಣ ಕೆಮ್ಮಿದ. "ಹಂಗಾದ್ರೆ ಈ ವರ್ಷ ನಿಂಗೆ ಗಾಳಿ ಗೊತ್ತಾಗ್ಲಿಲ್ಲ ಅನ್ನು."

"ಗೊತ್ತಾಗ್ಲಿಲ್ಲ," ಎಂದ ಓಬಳಯ್ಯ. ಆ ಒಂದು ಮಾತು ಆಡಲು ಅವನಿಗೆ ಕವಣೆ ಬೀಸುವುದಕ್ಕಿಂತ ಹೆಚ್ಚು ಬಲ ಬೇಕಾಯಿತು.

ಅಷ್ಟರಲ್ಲಿ ಅವನ ಕಣ್ಣು ಗುಡ್ಡದ ಮೇಲೆ ನಿಂತಿತು. ಕಂಬದ ತುದಿಯ ಬಾಲದ ತಗಡು ಮೆಲ್ಲಗೆ ಹೊರಳುತ್ತಿತ್ತು. ಗುಡ್ಡದ ಓರೆಯ ಬಾದೆ ಹುಲ್ಲು ಬಾಗಿತು, ಆಮೇಲೆ ಕೆರೆ ಏರಿಯ ಜಾಲಿ. ಕಣದ ಹೊಂಗೆ ಇನ್ನೂ ಅಲ್ಲಾಡಿರಲಿಲ್ಲ.

"ಗಿರಿಯಮ್ಮ, ಮೊರ ಎತ್ಕೊ. ಮೂಡ್ಲಿಂದ ಬರ್ತೈತೆ."

"ನೀನು ಹೇಳ್ತಿದ್ದೀಯಾ?" ಎಂದಳು ಗಿರಿಯಮ್ಮ, ಅನುಮಾನದಿಂದಲೇ.

"ನಾನಲ್ಲ. ಕಂಬ ಹೇಳ್ತು."

ಅವಳು ಮೊರ ಎತ್ತಿ ಅವನ ಕೈಗೆ ಕೊಡಲು ಬಂದಳು. ಅವನು ತೆಗೆದುಕೊಳ್ಳದೆ, ಗುಡ್ಡದಿಂದ ಇಳಿದು ಬರುತ್ತಿದ್ದ ತೌಹೀದ್‌ನನ್ನು ಕೈಬೀಸಿ ಕರೆದ. ಅಷ್ಟರಲ್ಲಿ ಹೊಂಗೆ ಎಲೆಯೂ ಅಲ್ಲಾಡಿತು. ಆ ವರ್ಷ ಕಣದಲ್ಲಿ ಮೊದಲ ಮೊರ ಹಿಡಿದವನು ತೌಹೀದೇ. ತೂರಲು ಬರದೆ ಅರ್ಧ ಹೊಟ್ಟು ತನ್ನ ತಲೆಯ ಮೇಲೇ ಸುರಿದುಕೊಂಡ. ರಂಗಣ್ಣನ ಹೆಂಡತಿ ನಗುತ್ತಾ ನೀರಿನ ಬಿಂದಿಗೆ ತಂದಳು.