ಅತ್ತೆಯ ಬಾಯಲ್ಲಿ ಉಳಿದ ‘ನೆ’

ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ತಲೆಗೂ ಪೆಟ್ಟು ಬಿದ್ದು, ಮನೆಯಲ್ಲಿ ಇಷ್ಟು ವರ್ಷ ಆಡಿದ ಮಾತೆಲ್ಲ ಹಾರಿಹೋಯಿತು. ಬಾಯಲ್ಲಿ ಉಳಿದದ್ದು ಒಂದೇ ಒಂದು ಅಕ್ಷರ: ‘ನೆ’.

ಡಾಕ್ಟರು ಮಂಚದ ಪಕ್ಕ ಬಗ್ಗಿ ಕೇಳಿದರು: “ಅಮ್ಮಾ, ಆಪರೇಷನ್ ಮಾಡೋಣ್ವಾ? ಈ ವಯಸ್ಸಿಗೆ ಅಪಾಯ ಇದೆ. ಮಾಡ್ದಿದ್ರೆ ಮತ್ತೆ ಎದ್ದು ಓಡಾಡೋಕಾಗಲ್ಲ.”

“ನೆ.”

ಡಾಕ್ಟರು ಸೊಸೆಯ ಮುಖ ನೋಡಿದರು. ಹೊಲಿಗೆ ಅಂಗಡಿಯಿಂದ ಓಡಿಬಂದಿದ್ದ ಅವಳ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅವಳು ಗಂಡನ ಮುಖ ನೋಡಿದಳು.

“ಹೌದು ಅಂತಿದ್ದಾಳೆ,” ಎಂದ ಗಂಡ. “ಅಮ್ಮನ ತಾಯಿ ಗ್ರೀಕರಲ್ವಾ? ಅಮ್ಮ ಚಿಕ್ಕಂದಿನಲ್ಲಿ ಆಡ್ತಿದ್ದ ಅವರ ಮಾತಲ್ಲಿ ನೆ ಅಂದ್ರೆ ಹೌದು.”

“ಅಮ್ಮನ ತಂದೆ ಬಲ್ಗೇರಿಯನ್ ಅನ್ನೋದು ಮರೆತ್ಯಾ?” ನಾದಿನಿ ಅಣ್ಣನ ಮೇಲೆ ಹರಿಹಾಯ್ದಳು. “ಅವರ ಮಾತಲ್ಲಿ ನೆ ಅಂದ್ರೆ ಇಲ್ಲ! ಬೇಡ ಅಂತ ಬಡ್ಕೊಳ್ತಿದ್ದಾಳೆ ಪಾಪ.”

ಪಕ್ಕದ ಮಂಚದಲ್ಲಿ ಕಾಲಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ಭಾಷೆಯ ಟೀಚರಮ್ಮನಿಗೆ ಸುಮ್ಮನಿರಲಾಗಲಿಲ್ಲ. “ಇಬ್ರೂ ಸರಿ ಕಣ್ರಪ್ಪಾ. ಗ್ರೀಕರ ನೆ ಹಳೇ ಕಾಲದಿಂದ್ಲೂ ಹೌದೇ. ಆ ಇನ್ನೊಂದು ನೆ, ಸಂಸ್ಕೃತದ ‘ನ’ ಇದ್ಯಲ್ಲ, ಅದರ ಒಡಹುಟ್ಟು. ಇಲ್ಲ ಅನ್ನೋದೇ ಅದರ ಹುಟ್ಟುಗುಣ. ಕೊರಿಯಾದವ್ರಲ್ಲೂ ನೆ ಇದೆ. ಹೌದು ಅಂತ್ಲೂ ಆಗತ್ತೆ, ಬರೀ ಕೇಳಿಸ್ತು ಅಂತ್ಲೂ ಆಗತ್ತೆ.”

ಸೊಸೆಗೆ ತಲೆ ಗಿರ್ರೆಂದಿತು. ಮನೆಯಲ್ಲಿ ಊಂ, ಊಹೂಂಗಳಲ್ಲೇ ಸಂಸಾರ ಸಾಗಿಸಿದವಳಿಗೆ ಇದೆಂಥ ಪೇಚು! ಹೌದೋ, ಇಲ್ಲವೋ, ಬರೀ ಕೇಳಿಸಿತೋ?

“ಅತ್ತೆ, ನೀರು ಬೇಕಾ?”

“ನೆ.” ಗಟಗಟನೆ ಕುಡಿದರು.

ಹಾಗಾದರೆ ಹೌದು. “ಕಿಟಕಿ ಮುಚ್ಲಾ?”

“ನೆ.” ಮುಚ್ಚಲು ಹೋದವಳ ಸೆರಗು ಹಿಡಿದು ಎಳೆದರು.

ಅಲ್ಲಿಗೆ ಮುಗಿಯಿತು. ಅಣ್ಣತಂಗಿ ಕಾರಿಡಾರಿನಲ್ಲಿ ಕಿತ್ತಾಡುತ್ತಿದ್ದರು. ಸೊಸೆ ಮಾತಿನ ಗೊಡವೆಯನ್ನೇ ಬಿಟ್ಟಳು. ಮಂಚದಡಿಯ ಚಪ್ಪಲಿ ಒಂದು ಕೈಯಲ್ಲಿ, ಹೊದಿಕೆ ಇನ್ನೊಂದರಲ್ಲಿ ಹಿಡಿದು ಅತ್ತೆಯ ಮುಂದೆ ನಿಂತಳು. “ನಡೀತೀರಾ? ಮಲಗಿರ್ತೀರಾ? ತೋರ್ಸಿ.”

ಅತ್ತೆ ಎರಡನ್ನೂ ದಿಟ್ಟಿಸಿದರು. ಆಮೇಲೆ ಚಪ್ಪಲಿ ಕಿತ್ತುಕೊಂಡು ಎದೆಗವಚಿಕೊಂಡರು. ಕಸಿದುಕೊಳ್ಳಲು ಬಂದ ನರ್ಸಿಗೂ ಕೊಡಲಿಲ್ಲ.

ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ನಾದಿನಿ ಅತ್ತಳು, ಆದರೆ ಬೇಡವೆನ್ನಲಿಲ್ಲ. ಆಪರೇಷನ್ ಆಯಿತು. ಬಾಗಿಲಾಚೆ ಕೂತ ಸೊಸೆಗೆ ಮಾತ್ರ, ಅತ್ತೆ ನಡೆಯಲೆಂದು ಚಪ್ಪಲಿ ಹಿಡಿದರೋ, ಕಳುವಾದೀತೆಂದು ಹಿಡಿದರೋ ಎಂಬ ಅಳುಕು ಹೋಗಲೇ ಇಲ್ಲ.

ಅತ್ತೆ ಕೋಲೂರಿ ಓಡಾಡುವಂತಾದರು. ಮಾತುಗಳೂ ಒಂದೊಂದಾಗಿ ಮರಳಿದವು. ಒಂದು ಮಧ್ಯಾಹ್ನ ಸೊಸೆ ಧೈರ್ಯ ಮಾಡಿ ಕೇಳಿದಳು: “ಅವತ್ತು ನೆ ಅಂದ್ರಲ್ಲ, ಹೌದಾ, ಇಲ್ವಾ?”

“ಯಾರಿಗೆ ನೆನಪಿದೆ, ಮಾರಾಯ್ತಿ? ಹೆದರಿಕೆಗೆ ಬಾಯಿಗೆ ಬಂದದ್ದು ಅಂದಿರ್ತೀನಿ,” ಎಂದು ಅತ್ತೆ ಲಂಗದ ಸೊಂಟಪಟ್ಟಿ ಎಳೆದು ತೋರಿಸಿದರು. “ಇದು ಗಾಯಕ್ಕೆ ಒತ್ತತ್ತೆ. ಸ್ವಲ್ಪ ಸಡಿಲ ಮಾಡ್ಕೊಡು.”