ಬೋರ್ಡಿಗೆ ಬಾರದ ಅರ್ಥ

ಪದ್ಮಾಕ್ಷಿ ಟೀಚರಿಗೆ ಶಬ್ದಗಳ ಹುಚ್ಚು. ಕೊಡಗಿನ ಮೂರ್ನಾಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಅವರು ಬುಧವಾರ ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ‘ಲೈನ್’ ಎಂದು ದೊಡ್ಡದಾಗಿ ಬರೆದು, “ಇದಕ್ಕೆ ಎಷ್ಟು ಅರ್ಥ ಉಂಟು, ಹೇಳಿ ನೋಡುವ” ಎಂದರು. ಮೂಲದಲ್ಲಿ ಅದು ಲ್ಯಾಟಿನ್ನಿನಿಂದ ಬಂದದ್ದಂತೆ, ಅಗಸೆ ನಾರಿನ ದಾರವಂತೆ. ದಾರ ಎಳೆದರೆ ಗೆರೆ, ಗೆರೆಯ ಮೇಲೆ ನಿಂತರೆ ಸಾಲು.

ಶುರುವಾಯಿತು ನೋಡಿ ಸಂತೆ! ಪದ್ಯದ ಸಾಲು, ರೇಷನ್ ಅಂಗಡಿಯ ಕ್ಯೂ, ಫೋನಿನ ಲೈನು, ನಾಲ್ಕು ಹನಿ ಬಿದ್ದರೆ ಹೋಗುವ ಕರೆಂಟಿನ ಲೈನು. ಪ್ರಜ್ಞೇಶ್ ಎಂಬ ಕಿಲಾಡಿ “ಹುಡುಗೀರಿಗೆ ಲೈನ್ ಹೊಡೆಯೋದು, ಟೀಚರ್” ಎಂದ. ಟೀಚರು ನಗುತ್ತಲೇ ಅದನ್ನೂ ಬರೆದರು.

ಆಗ ಹಿಂದಿನ ಬೆಂಚಿನಿಂದ ಆಶಾರಾಣಿ ಎದ್ದಳು. ಕಾಫಿ ತೋಟದ ಕೂಲಿ ಮಾಯಿಲಪ್ಪನ ಮಗಳು, ವರ್ಷವಿಡೀ ಬಾಯಿ ಬಿಡದವಳು.

“ನಮ್ಮ ಲೈನ್ ಮನೆ, ಟೀಚರ್.”

ತೋಟದ ಆಳುಗಳಿಗೆಂದು ಒಂದೇ ಸೂರಿನಡಿ ಸಾಲಾಗಿ ಕಟ್ಟಿಸಿದ ಕೋಣೆಗಳು ಅವು. ಪಾಪ, ಹುಡುಗಿಯ ಬಡತನವನ್ನು ಎಲ್ಲರೆದುರು ಯಾಕೆ ಎತ್ತಿ ಆಡಬೇಕು ಎನಿಸಿ ಟೀಚರು, “ಅದು ಬೇಡ ಮಗಾ, ಕೂತ್ಕೋ” ಎಂದುಬಿಟ್ಟರು. ಕ್ಲಾಸು ಗೊಳ್ಳೆಂದು ನಕ್ಕಿತು.

ಗುರುವಾರ ಅವಳಿಲ್ಲ, ಶುಕ್ರವಾರವೂ ಇಲ್ಲ. ಶನಿವಾರ ಮಾಯಿಲಪ್ಪನೇ ಶಾಲೆಯ ಗೇಟಿನಲ್ಲಿ ಬಂದು ನಿಂತ.

“ಇನ್ನು ಶಾಲೆಗೆ ಬರೂದಿಲ್ಲ ಅಂತಾಳೆ ಟೀಚರೇ. ಸೋಮವಾರದಿಂದ ನಮ್ಮೊಟ್ಟಿಗೆ ಕಾಫಿ ಹಣ್ಣು ಕೊಯ್ಯೂಕೆ, ಪಿಕ್ಕಿಂಗಿಗೆ ಬರ್ತಾಳಂತೆ. ನಾನು ಬೈದೂ ನೋಡ್ದೆ.”

ಟೀಚರಿಗೆ ಸಿಟ್ಟು ನೆತ್ತಿಗೇರಿತು. ಓದುವ ಹುಡುಗಿಯ ಬಾಳನ್ನೇ ಹಾಳು ಮಾಡಿದರಲ್ಲ ಕ್ಲಾಸಿನ ಈ ಕೋತಿಗಳು! ಶಾಲೆ ಬಿಟ್ಟದ್ದೇ ಅವನ ಜೊತೆ ಲೈನಿಗೆ ಹೊರಟರು.

ಆಶಾರಾಣಿ ಮನೆಯ ಮುಂದೆ ಪಾತ್ರೆ ತಿಕ್ಕುತ್ತಿದ್ದಳು.

“ನಕ್ಕವರ ಹೆಸರು ಹೇಳು ಮಗಾ. ಒಬ್ಬೊಬ್ಬರಿಂದಲೂ ತಪ್ಪಾಯ್ತು ಅನ್ನಿಸ್ತೇನೆ.”

“ಅವ್ರು ಮೊದ್ಲು ನಗ್ಲಿಲ್ಲ ಟೀಚರ್” ಎಂದಳು ಹುಡುಗಿ, ತಲೆ ಎತ್ತದೆ. “ನೀವು ಬೇಡ ಅಂದ ಮೇಲೆ ನಕ್ಕಿದ್ದು. ಪ್ರಜ್ಞೇಶ್ ಹೇಳಿದ್ದೂ ಬರೆದ್ರಿ. ನಮ್ಮನೆ ಮಾತ್ರ ಬೇಡ ಅಂದ್ರಿ.”

ಟೀಚರಿಗೆ ಕೆನ್ನೆಗೆ ಬಾರಿಸಿದಂತಾಯಿತು.

“ತಪ್ಪಾಯ್ತು ಮಗಾ. ನಾಚಿಕೆ ಆದದ್ದು ನನಗೆ, ನಿನಗಲ್ಲ. ಸೋಮವಾರ ಬಾ. ಬೋರ್ಡಿನ ಮೇಲೆ ನೀನೇ ಬರೆಯುವಿಯಂತೆ.”

ಆಶಾರಾಣಿ ಕೈ ತೊಳೆದು ಎದ್ದು ನಿಂತಳು.

“ಬರ್ತೇನೆ. ಆದ್ರೆ ನಾನು ಬರೆಯೂದಿಲ್ಲ” ಎಂದಳು. “ನೀವೇ ಬರೀಬೇಕು.”