ದಿನಕ್ಕೊಮ್ಮೆ ತೊಳೆಯುವ ಫಿಲ್ಟರು

ಅಡ್ವೆಂಚರ್ ಬೈಕಿಗೆ ಯಾವ ಏರ್ ಫಿಲ್ಟರ್ ಒಳ್ಳೆಯದು ಎಂದು ನಮ್ಮ ರೈಡರುಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಜಗಳ ಗ್ಯಾರಂಟಿ. ಪೇಪರಿನದೇ ಸರಿ, ಕಂಪನಿಯವರೇನು ದಡ್ಡರೇ ಎನ್ನುತ್ತಾನೆ ಒಬ್ಬ. ಎಣ್ಣೆ ಹಚ್ಚಿದ ಕಾಟನ್ನಿನದು ಹಾಕಿ ನೋಡು, ಗಾಡಿ ಹಾರುತ್ತದೆ ಎನ್ನುತ್ತಾನೆ ಇನ್ನೊಬ್ಬ. ಧೂಳಿನ ದಾರಿಗೆ ಫೋಮ್ ಬಿಟ್ಟರೆ ಗತಿಯಿಲ್ಲ ಎನ್ನುವ ಮತ್ತೊಬ್ಬ ಮಹಾಶಯ ಡಾಂಬರು ಬಿಟ್ಟು ಕೆಳಗಿಳಿದದ್ದನ್ನು ನಾನಂತೂ ನೋಡಿಲ್ಲ. ಆ ಫಿಲ್ಟರನ್ನು ಮನೆಯಲ್ಲಿ ಬಿಚ್ಚುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಬಿಚ್ಚುವವನು ನಮ್ಮಪ್ಪ, ಮತ್ತು ನನ್ನ ಸಮಸ್ಯೆಯೆಲ್ಲ ಅಲ್ಲಿಂದಲೇ ಶುರು.

ಅಪ್ಪನ ಹೆಸರು ಬಸಲಿಂಗಪ್ಪ. ಖಾನಾಪುರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಒಬ್ಬಳೇ ಮಗಳಾದ ನನಗೆ ಸಮೃದ್ಧಿ ಎಂದು ಹೆಸರಿಟ್ಟವನೂ ಅವನೇ. ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಪಂಪಿನ ಬಿಡಿಭಾಗಗಳನ್ನು ಅಳೆದು ಪಾಸು ಫೇಲು ಮಾಡುವುದು ನನ್ನ ಕೆಲಸ. ಖಾನಾಪುರದಿಂದ ದಿನಾ ಬೈಕಿನ ಮೇಲೆಯೇ ಹೋಗಿ ಬರುತ್ತೇನೆ, ಭಾನುವಾರ ಜಾಂಬೋಟಿಯ ಆಚೆ ಕಾಡುದಾರಿ ಹಿಡಿಯುತ್ತೇನೆ. ಹೆಣ್ಣುಮಗಳಿಗೆ ಇಷ್ಟೆತ್ತರದ ಗಾಡಿ ಯಾಕೆ ಎಂದು ಓಣಿಯವರು ಗೊಣಗಿದಾಗ, ಓಡಿಸುವವಳು ಅವಳು, ನಿಮಗೇನು ತ್ರಾಸ ಎಂದು ಅಪ್ಪನೇ ಬಾಯಿ ಮುಚ್ಚಿಸಿದ್ದ. ಗಾಡಿ ಮನೆಗೆ ಬಂದ ದಿನ ಉಳಿದವರೆಲ್ಲ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಅವನು ಬಾಜೂ ಪ್ಯಾನೆಲ್ ಬಿಚ್ಚಿ, ನನ್ನ ತಲೆಯನ್ನು ಹಿಡಿದು ಬಗ್ಗಿಸಿ ಫಿಲ್ಟರ್ ತೋರಿಸಿದ.

"ಪೆಟ್ರೋಲ್ ಎಲ್ಲಾರೂ ನೆನಪಿಲೆ ಹಾಕಸ್ತಾರವಾ. ಗಾಳಿ ಯಾರಿಗೂ ನೆನಪ ಇರೂದಿಲ್ಲ," ಎಂದ.

ನಮ್ಮ ಕಡೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಕುಂಕುಮದಷ್ಟು ನುಣ್ಣಗಾಗುತ್ತದೆ. ಒಳಗೆ ಹೋದರೆ ಎಂಜಿನ್ನನ್ನು ಒಳಗಿನಿಂದಲೇ ತಿಕ್ಕಿ ಸವೆಸುತ್ತದೆ. ಧೂಳಿನಲ್ಲಿ ಅಡ್ಡಾಡಿ ಬಂದ ಮೇಲೆ ಫಿಲ್ಟರ್ ನೋಡಬೇಕು, ಪೇಪರಿನದಾದರೆ ಮೆಲ್ಲಗೆ ಬಡಿದು ಧೂಳು ಉದುರಿಸಬೇಕು, ತೊಳೆಯಲೇಬಾರದು, ಸೋತಿದ್ದರೆ ಹೊಸದು ಹಾಕಬೇಕು. ಇದೆಲ್ಲ ನನಗೆ ಕಲಿಸಿದವನು ಅಪ್ಪ. ಆಮೇಲೆ ಇದನ್ನೆಲ್ಲ ಮರೆತವನೂ ಅವನೇ.

ಒಂದು ಸಂಜೆ ಫಿಲ್ಟರ್ ಸ್ವಚ್ಛ ಮಾಡಿ, ಚಹಾ ಕುಡಿದು, ಮತ್ತೆ ಸ್ಕ್ರೂಡ್ರೈವರ್ ಹಿಡಿದು ಎದ್ದ. ಈಗಷ್ಟೇ ಮಾಡಿದಿಯಲ್ಲ ಎಂದೆ. ಹೌದಲ್ಲ ಎಂದು ನಕ್ಕ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಾಗ ಅದೇ ಮಾತು ಹೇಳಿದೆ, ಆಗ ನಗಲಿಲ್ಲ. ಬೆಳಗಾವಿಯ ಡಾಕ್ಟರು ಸ್ಕ್ಯಾನ್ ನೋಡಿ, ಇದು ಮರೆವಿನ ಕಾಯಿಲೆ, ಹೊಸದು ಮೊದಲು ಹೋಗುತ್ತದೆ, ಕೈಗೆ ರೂಢಿಯಾದದ್ದು ಬಹಳ ದಿನ ಉಳಿಯುತ್ತದೆ ಎಂದು ತಿಳಿಸಿ ಹೇಳಿದರು. ಅವ್ವ ಕೇಳಿದ್ದು ಒಂದೇ ಮಾತು, ಮನೆಯಲ್ಲಿ ಅವರು ಏನಾದರೂ ಮಾಡಲು ಕೂತರೆ ಬೇಡ ಅನ್ನಬೇಕೋ ಹೂಂ ಅನ್ನಬೇಕೋ ಎಂದು. ಕೆಲಸ ಬಿಡಿಸಬೇಡಿ, ಅದೇ ಔಷಧ ಎಂದರು ಡಾಕ್ಟರು. ಅವರ ಮನಸ್ಸಿನಲ್ಲಿ ಕಾಯಿಪಲ್ಯೆ ಹೆಚ್ಚುವುದೋ ಗಿಡಕ್ಕೆ ನೀರು ಹಾಕುವುದೋ ಇತ್ತೆಂದು ಕಾಣುತ್ತದೆ.

ಅಪ್ಪ ನನ್ನ ಪೇಪರ್ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದ. ಹಳೆಯ ಬಸ್ಸುಗಳ ಫಿಲ್ಟರ್ ಹಾಗೆ ತೊಳೆದು ಎಣ್ಣೆ ತುಂಬುವಂಥವು, ಅವನ ಕೈ ಆ ಕಾಲಕ್ಕೆ ಹೋಗಿತ್ತು. ತೊಳೆದದ್ದನ್ನು ಕಂಪೌಂಡಿನ ಮೇಲೆ ಬಿಸಿಲಿಗೆ ಇಟ್ಟು, ಎಷ್ಟು ಸ್ವಚ್ಛ ಆಯಿತು ನೋಡು ಎಂದು ನನ್ನನ್ನು ಕರೆದು ತೋರಿಸಿದ. ಪೇಪರಿನ ಮಡಿಕೆಗಳೆಲ್ಲ ಬಾಯಿ ಬಿಟ್ಟಿದ್ದವು. ನನ್ನ ಕೋಪ ಮೂಗಿನ ಮೇಲೆಯೇ ಇರುವಂಥದ್ದು, ಆದರೆ ಅಷ್ಟು ಖುಷಿಯ ಮುಖದ ಎದುರು ಏನು ಮಾಡುವುದು? ಛಲೋ ಆಗೇತಿ ಎಂದೆ. ಹೊಸದು ತಂದು ಹಾಕಿದೆ, ಅದನ್ನೂ ತೊಳೆದ. ಸರ್ವಿಸ್ ಸೆಂಟರಿನವರು ಇದನ್ನು ಯಾವ ಬುದ್ಧಿವಂತ ತೊಳೆದ ಎಂದು ಕೇಳಿದರು. ನಾನೇ ಎಂದೆ.

ಆಗ ನನಗೊಂದು ಉಪಾಯ ಹೊಳೆಯಿತು, ಅದರ ಬಗ್ಗೆ ಜಂಬವೂ ಆಯಿತು. ಪ್ಯಾನೆಲ್ಲಿನ ಸ್ಕ್ರೂ ತೆಗೆದು, ಆರು ಮೂಲೆಯ ಅಲೆನ್ ಕೀಲಿಯಿಂದ ಮಾತ್ರ ಬಿಚ್ಚಲು ಬರುವ ಬೋಲ್ಟು ಹಾಕಿದೆ. ಕೀಲಿಯನ್ನು ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡೆ. ಮುಂದಿನ ರಜೆಯ ದಿನ ಅವ್ವನನ್ನು ಕರೆದುಕೊಂಡು ಸಂತೆಗೆ ಹೋಗಿ ಬಂದಾಗ ಅಪ್ಪ ಗಾಡಿಯ ಮುಂದೆ ನೆಲಕ್ಕೆ ಕೂತಿದ್ದ. ಸುತ್ತ ಮನೆಯಲ್ಲಿದ್ದ ಸ್ಕ್ರೂಡ್ರೈವರುಗಳೆಲ್ಲ ಬಿದ್ದಿದ್ದವು, ಪ್ಯಾನೆಲ್ಲಿನ ಮೇಲೆ ಗೀರುಗಳಾಗಿದ್ದವು. ಬೋಲ್ಟು ಬದಲಾಗಿದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ತನ್ನ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದ.

"ಯವ್ವಾ, ಈ ಕೈಗೆ ಬಿಚ್ಚಾಕ ಬರವಲ್ದು. ಇದೂ ಹೋತೇನ?"

ನಾನು ಒಳಗೆ ಹೋಗಿ ಬಚ್ಚಲಮನೆಯಲ್ಲಿ ನಿಂತು ಅತ್ತೆ. ಹೊರಗೆ ಬಂದು, ಅಪ್ಪ ಊಟಕ್ಕೆ ಕೂತಾಗ, ಹಳೆಯ ಸ್ಕ್ರೂಗಳನ್ನೇ ಹಾಕಿದೆ. ಊಟ ಮುಗಿಸಿ ಬಂದವನು ಸಲೀಸಾಗಿ ಪ್ಯಾನೆಲ್ ಬಿಚ್ಚಿದ, ಸ್ವಲ್ಪ ಹೊತ್ತಿನ ಹಿಂದಿನದು ಅವನಿಗೆ ನೆನಪಿರಲಿಲ್ಲ. ನನಗೆ ಮಾತ್ರ ಆ ಅಂಗೈಗಳು ಕಣ್ಣ ಮುಂದಿನಿಂದ ಸರಿಯಲೊಲ್ಲವು. ಫಿಲ್ಟರ್ ಬಿಚ್ಚುವುದೊಂದು ಇರುವವರೆಗೆ ಅಪ್ಪ ಅಪ್ಪನಾಗಿಯೇ ಇರುತ್ತಾನೆ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಅದು ತಪ್ಪು ಎಂದು ಯಾರು ಹೇಳಿದರೂ ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ತೌಸೀಫನನ್ನು ಹಿಡಿದೆ. ತೌಸೀಫ ನನ್ನ ಜೊತೆಗೇ ಕೆಲಸ ಮಾಡುವವನು, ಭಾನುವಾರದ ರೈಡಿಗೂ ಜೊತೆ, ಗುಂಪಿನಲ್ಲಿ ಪೇಪರ್ ಪಕ್ಷದ ನಾಯಕ. ಯಾವ ಫಿಲ್ಟರ್ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ ಎಂದು ಭಾಷಣ ಶುರು ಮಾಡಿದ. ಅದು ಬೇಡ, ದಿನಾ ತೊಳೆದರೂ ತಾಳಿಕೊಳ್ಳುವುದು ಯಾವುದು, ತೊಳೆಯುವವನಿಗೆ ಎಣ್ಣೆ ಹಚ್ಚುವುದು ಮರೆತುಹೋಗುತ್ತದೆ ಎಂದೆ. ಶಿಫ್ಟು ಮುಗಿದ ಮೇಲೆ ಬೆಳಗಾವಿ ಪೇಟೆಗೆ ಕರೆದುಕೊಂಡು ಹೋಗಿ ಎರಡು ಫೋಮ್ ಫಿಲ್ಟರ್ ಕೊಡಿಸಿದ. ಒಂದನ್ನು ಅಪ್ಪ ತೊಳೆದು ಒಣಹಾಕುವಷ್ಟರಲ್ಲಿ ಇನ್ನೊಂದಕ್ಕೆ ಧೂಳು ಹಿಡಿಯುವ ಎಣ್ಣೆ ಹಚ್ಚಿ, ಹಿಟ್ಟಿನ ಹಾಗೆ ನಾದಿ, ಹೆಚ್ಚಾದದ್ದನ್ನು ಹಿಂಡಿ, ಅಂಚಿಗೆ ಗ್ರೀಸ್ ಸವರಿ ಕೂರಿಸಿಬಿಡುವುದು ಎಂದು ಲೆಕ್ಕ ಹಾಕಿದೆ.

ಲೆಕ್ಕ ಸರಿಯೇ ಇತ್ತು. ನಾನು ಸಂಜೆ ಬರುವುದನ್ನು ಅಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದ. ಕೆಲವು ಸಂಜೆ ನನ್ನನ್ನು ಕಣಕುಂಬಿ ಬಸ್ಸಿನ ಡ್ರೈವರನೆಂದೇ ತಿಳಿದು, ಗಾಡಿ ಯಾಕೆ ತಡವಾಯಿತು ಎಂದು ಮರಾಠಿಯಲ್ಲಿ ಗದರಿಸುತ್ತಿದ್ದ. ಆದರೂ ಕೈ ತಪ್ಪುತ್ತಿರಲಿಲ್ಲ. ಬಿಚ್ಚಿ, ತೊಳೆದು, ಹಗ್ಗಕ್ಕೆ ಅವ್ವನ ಸೀರೆಯ ಬಾಜೂ ಒಣಹಾಕುತ್ತಿದ್ದ. ಕೈ ತೊಳೆಯಲು ಹೋದಾಗ ನಾನು ಇನ್ನೊಂದನ್ನು ಕೂರಿಸುತ್ತಿದ್ದೆ. ಮಳೆಗಾಲ ಬಂತು, ಆಗ ಹೊಸ ತಕರಾರು ಎದ್ದಿತು. ದಾರಿಯಲ್ಲಿ ಧೂಳಿಲ್ಲ, ಬಿಚ್ಚಿದರೆ ಫಿಲ್ಟರ್ ಸ್ವಚ್ಛ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮುಖ ಸಣ್ಣದು ಮಾಡಿಕೊಂಡ. ನನ್ನ ಗಾಡಿಗೆ ಬೇರೆಯವರನ್ನು ಹಚ್ಚಿದ್ದಾರೆ, ನಾನು ಬೇಡವಾದೆ ಎಂದು ಅವ್ವನ ಹತ್ತಿರ ಹೇಳಿ ಊಟ ಬಿಟ್ಟ.

ಮರುದಿನದಿಂದ ನಾನು ಮನೆ ಮುಟ್ಟುವ ಮೊದಲು ಗಾಡಿ ನಿಲ್ಲಿಸಿ, ಒಂದು ಡಬ್ಬಿಯಲ್ಲಿ ಒಣಗಿಸಿ ಇಟ್ಟುಕೊಂಡ ಕೆಂಪು ಮಣ್ಣನ್ನು ಫಿಲ್ಟರಿಗೆ ಸವರತೊಡಗಿದೆ. ಅಳತೆ ಕೂದಲೆಳೆಯಷ್ಟು ತಪ್ಪಿದರೆ ಮಾಲು ವಾಪಸು ಕಳಿಸುವವಳು ನಾನು. ಗಾಡಿಗೆ ಸ್ವಂತ ಕೈಯಾರೆ ಮಣ್ಣು ತಿನ್ನಿಸಲು ನಿಂತಿದ್ದೆ. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಅಪ್ಪ ಮಣ್ಣು ಕಂಡು, ಎಂಥಾ ದಾರಿಯಲ್ಲಿ ಓಡಿಸುತ್ತಿ ಎಂದು ಬೈದು, ಹುರುಪಿನಿಂದ ತೊಳೆಯಲು ಕೂರುತ್ತಿದ್ದ. ಅವ್ವ ಡಬ್ಬಿಯನ್ನು ನೋಡಿದ್ದಳು. ಮಣ್ಣು ಮುಗಿದಾಗ ಹಿತ್ತಲದಲ್ಲಿ ಒಣಗಿಸಿ, ಹಿಟ್ಟಿನ ಜರಡಿಯಿಂದ ಸೋಸಿ ತುಂಬಿಟ್ಟವಳು ಅವಳೇ.

ಮಳೆ ನಿಂತ ಮೇಲೆ ಗಾಡಿ ಹೊಗೆ ಬಿಡತೊಡಗಿತು. ನೀಲಿ ಹೊಗೆ, ಎಂಜಿನ್ ಆಯಿಲ್ ಕುಡಿಯುತ್ತಿರುವುದರ ಲಕ್ಷಣ. ತೌಸೀಫ ಫಿಲ್ಟರ್ ತೆಗೆದು ಒಳಗಿನ ಕೊಳವೆಯಲ್ಲಿ ಬೆರಳಾಡಿಸಿ ತೋರಿಸಿದ, ಬೆರಳು ಕೆಂಪಾಗಿತ್ತು. ಫಿಲ್ಟರಿನ ತಪ್ಪಲ್ಲ, ಬಿಚ್ಚಿದಷ್ಟು ಸಲವೂ ಒಂದು ಚಿಟಿಕೆ ಮಣ್ಣು ಒಳಬಾಯಿಗೆ ಉದುರುತ್ತದೆ, ದಿನಾ ಬಿಚ್ಚಿದರೆ ಯಾವ ಫಿಲ್ಟರ್ ಹಾಕಿದರೂ ಅಷ್ಟೇ ಎಂದ. ಪಿಸ್ಟನ್ ಬದಲಿಸಿ, ಸವೆದ ಸಿಲಿಂಡರನ್ನು ಕೊರೆದು ಬೋರ್ ಮಾಡಿಸಬೇಕು, ಆದರೆ ಈಗ ಮಾಡಿಸಿದರೆ ಹೊಸದೂ ಹೀಗೇ ಹಾಳಾಗುತ್ತದೆ. ಅವನು ನನ್ನ ಮುಖ ನೋಡದೆ ಹೇಳಿದ:

"ಕಾಕಾ ಬಿಚ್ಚೂದು ಬಿಡೂ ತನಕ ಎಂಜಿನ್ನಿಗೆ ಕೈ ಹಚ್ಚೂದು ಬ್ಯಾಡ. ಬಿಟ್ಟ ಮ್ಯಾಲೆ ಮಾಡಸೂಣು."

ಬಿಟ್ಟ ಮೇಲೆ ಎಂದರೆ ಏನು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಹೂಂ ಎಂದೆ.

ಅಂದಿನಿಂದ ಹೊಗೆ ನನಗೆ ಒಳ್ಳೆಯ ಸುದ್ದಿಯಾಯಿತು, ಅಪ್ಪನ ಕೈ ಇನ್ನೂ ಮರೆತಿಲ್ಲ ಎಂದು ಅದರ ಅರ್ಥ. ಹಿಂದೆ ಬರುವ ಕಾರಿನವರು ಹಾರ್ನ್ ಹೊಡೆದು ಬೈದರೂ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಆಯಿಲ್ ತಂದು ತಂದು ಸುರಿಯುತ್ತಿದ್ದೆ. ಅಪ್ಪನ ಮೂಗು ಮಾತ್ರ ಇನ್ನೂ ಚುರುಕಾಗಿತ್ತು. ಹೊಗೆಯ ವಾಸನೆ ಹಿಡಿದು, ಗಾಳಿ ಸಾಲುತ್ತಿಲ್ಲ, ಫಿಲ್ಟರ್ ನೋಡಬೇಕು ಎಂದು ಬೆಳಿಗ್ಗೆಯೂ ಬಿಚ್ಚತೊಡಗಿದ. ಅವನು ಬಿಚ್ಚಿದಷ್ಟೂ ಹೊಗೆ ಹೆಚ್ಚು, ಹೊಗೆ ಹೆಚ್ಚಾದಷ್ಟೂ ಅವನು ಬಿಚ್ಚುವುದು ಹೆಚ್ಚು. ನನ್ನ ಗಾಡಿ ನನ್ನ ಕಣ್ಣೆದುರಿಗೇ ಸಾಯುತ್ತಿತ್ತು, ನಾನು ಪಕ್ಕದಲ್ಲಿ ನಿಂತು ಅವನಿಗೆ ಅರಿವೆ ತುಂಡು ಕೊಡುತ್ತಿದ್ದೆ. ಗಾಡಿ ಹೋದರೆ ಹೋಗಲಿ, ಇದು ಹೀಗೇ ನಡೆಯಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಬೇಡಿಕೊಳ್ಳುವುದನ್ನು ಬಿಟ್ಟು ಬೇರೇನೂ ನನ್ನ ಕೈಯಲ್ಲಿ ಇರಲಿಲ್ಲ.

ಯುಗಾದಿ ಮುಗಿದ ವಾರ ಒಂದು ಸಂಜೆ ಮನೆಗೆ ಬಂದೆ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ನಾನೂ ಗಾಡಿಯೂ ಕೆಂಪಾಗಿದ್ದೆವು, ಡಬ್ಬಿಯ ಮಣ್ಣಿನ ಅಗತ್ಯವೇ ಬೀಳಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಏಳಲಿಲ್ಲ. ಕಾಲು ನೋವಿರಬೇಕು ಅಂದುಕೊಂಡೆ. ಸ್ಕ್ರೂಡ್ರೈವರ್ ತಂದು ಅವನ ಪಕ್ಕದಲ್ಲಿ ಇಟ್ಟೆ. ಅದರ ಕಡೆ ನೋಡಲಿಲ್ಲ. ಸೀಮೆಎಣ್ಣೆಯ ಬೋಗುಣಿ ತಂದಿಟ್ಟೆ. ಕೊನೆಗೆ ನಾನೇ ಪ್ಯಾನೆಲ್ ಬಿಚ್ಚಿ, ಮಣ್ಣು ಮೆತ್ತಿದ ಫಿಲ್ಟರ್ ತೆಗೆದು ಅವನ ಕೈಗೆ ಕೊಟ್ಟೆ. ಅವ್ವ ಬಾಗಿಲಿಗೆ ಬಂದು ನಿಂತಳು.

ಅಪ್ಪ ಅದನ್ನು ಹಿಡಿದುಕೊಂಡ. ಬೆರಳಿಗೆ ಮೆತ್ತಿದ ಮಣ್ಣನ್ನು ನೋಡಿ, ಪಂಚೆಗೆ ತಾಗದಂತೆ ದೂರ ಹಿಡಿದು, ಹುಷಾರಾಗಿ ನನಗೆ ವಾಪಸು ಕೊಟ್ಟ. ಗಾಡಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಅವನ ಮುಖದಲ್ಲಿ ನನ್ನ ಬಗ್ಗೆ ಕನಿಕರವಿತ್ತು.

"ಗಾಡಿ ಕೆಟ್ಟೈತೇನವಾ? ಯಾರರ ಮಿಸ್ತ್ರಿಗೆ ತೋರಸು. ಹಂಗ ಓಡಸಬ್ಯಾಡ."

"ಹೂಂ ಅಪ್ಪಾ, ತೋರಸ್ತೀನಿ," ಎಂದೆ.

ಅವ್ವ ಅವನ ರಟ್ಟೆ ಹಿಡಿದು ಚಹಾಕ್ಕೆ ಒಳಗೆ ಕರೆದುಕೊಂಡು ಹೋದಳು. ನಾನು ಫಿಲ್ಟರ್ ತೊಳೆದೆ, ಹಿಂಡಿದೆ, ಹಗ್ಗಕ್ಕೆ ಹಾಕಿದೆ. ಎಣ್ಣೆ ಹಚ್ಚಿಟ್ಟಿದ್ದ ಇನ್ನೊಂದನ್ನು ಕೂರಿಸಿ, ಸ್ಕ್ರೂ ಬಿಗಿದೆ. ಎಷ್ಟೋ ದಿನ ಸುಮ್ಮನೆ ಕಾದೆ, ಬೆಳಿಗ್ಗೆ ಸಂಜೆ ಸ್ಕ್ರೂಡ್ರೈವರನ್ನು ಅವನ ಕಣ್ಣಿಗೆ ಬೀಳುವ ಕಡೆ ಇಟ್ಟೆ. ಅವನು ಅದನ್ನು ದಾಟಿ ಹೋಗಿ ಹಿತ್ತಲದ ಮರದ ಕೆಳಗೆ ಕೂರುತ್ತಿದ್ದ. ಆಮೇಲೆ ಒಂದು ದಿನ ತೌಸೀಫನಿಗೆ, ಇನ್ನು ಎಂಜಿನ್ ಬಿಚ್ಚಿಸಬಹುದು ಎಂದು ಹೇಳಿದೆ.